ಗುಜರಿಯಿಂದ ಗೋಡೆಗೆ: ಪ್ರವಾಸ, ಹಳೇ ಸಾಮಾನು, ಮಿಕ್ಸೆಡ್ ಮೀಡಿಯಾ – ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ವರಾಂಡದಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಅಂಟು, ಕತ್ತರಿ ಹಿಡಿದು ಕೂರುತ್ತೇವೆ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಕಲಾಶಾಲೆಗೆ ಹೋದವಳಲ್ಲ. ಕೆಲಸ ಕೆಡಿಸಿಕೊಂಡು ಕಲಿತವಳು.

ಮಿಕ್ಸೆಡ್ ಮೀಡಿಯಾ ಅಂದರೆ ಏನು? ಕೊಲಾಜ್ ಬೇರೆ, ಇದು ಬೇರೆಯಾ?

ಒಂದೇ ಚಿತ್ರದಲ್ಲಿ ಎರಡು ಮೂರು ಬಗೆಯ ಸಾಮಗ್ರಿ ಬಳಸಿದರೆ ಅದು ಮಿಕ್ಸೆಡ್ ಮೀಡಿಯಾ. ಬಣ್ಣದ ಜೊತೆ ಕಾಗದ, ಬಟ್ಟೆ, ತಂತಿ, ಬೀಗದ ಕೈ, ಏನು ಬೇಕಾದರೂ. ಅಂಟಿಸುವ ಕೆಲಸವೇ ಜಾಸ್ತಿಯಿದ್ದರೆ ಕೊಲಾಜ್ ಅನ್ನುತ್ತಾರೆ. ಗೆರೆ ಎಳೆದು ಬೇರೆ ಮಾಡುವ ಅಗತ್ಯ ನನಗಂತೂ ಬಿದ್ದಿಲ್ಲ.

ಪುಸ್ತಕಗಳಲ್ಲಿ ಈ ಕಥೆ ಸಾಮಾನ್ಯವಾಗಿ 1912ರಿಂದ ಶುರುವಾಗುತ್ತದೆ. ಆ ವರ್ಷ ಪಿಕಾಸೊ ಒಂದು ಚಿತ್ರಕ್ಕೆ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಬಟ್ಟೆ ಅಂಟಿಸಿ, ಸುತ್ತ ಚೌಕಟ್ಟಿನ ಬದಲು ಹಗ್ಗ ಕಟ್ಟಿದ. ಸರಿ. ಆದರೆ ನಮ್ಮ ಕಡೆಯ ಹಳೇ ಮನೆಗಳ ದೇವರ ಕೋಣೆಗೆ ಒಮ್ಮೆ ಇಣುಕಿ. ರಾಜಾ ರವಿವರ್ಮನ ಪ್ರೆಸ್ಸು ಮುಂಬೈಯಲ್ಲಿ ಶುರುವಾದದ್ದು 1894ರಲ್ಲಿ. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಪಟ ಮನೆಗೆ ಬಂದ ಮೇಲೆ ಹೆಂಗಸರು ಅದಕ್ಕೆ ಜರಿ ಸೀರೆ ಉಡಿಸಿ, ಮಣಿ ಪೋಣಿಸಿ, ಮಿಂಚು ಅಂಟಿಸಿ ಕಟ್ಟು ಹಾಕಿಸುತ್ತಿದ್ದರು. ಅದು ಮಿಕ್ಸೆಡ್ ಮೀಡಿಯಾ ಅಲ್ಲದೆ ಮತ್ತೇನು? ಹೆಸರು ಮಾತ್ರ ಗೊತ್ತಿರಲಿಲ್ಲ, ಅಷ್ಟೆ.

ಪ್ರವಾಸ ಹೋದಾಗ ಸ್ಫೂರ್ತಿಗೆ ಏನನ್ನು ನೋಡಬೇಕು?

ಪ್ರೇಕ್ಷಣೀಯ ಸ್ಥಳ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ಅಲ್ಲಿಗೆ ಹೋಗುವ ದಾರಿಯಲ್ಲಿರುತ್ತದೆ.

ಒಂದು ಮಳೆಗಾಲದಲ್ಲಿ ಜೋಗ ನೋಡಲು ಹೋಗಿದ್ದೆವು. ನಲವತ್ತು ಫೋಟೋ ತೆಗೆದೆ. ಅದರಲ್ಲಿ ಒಂದೂ ಇವತ್ತಿನವರೆಗೆ ಕೆಲಸವಾಗಿಲ್ಲ. ವಾಪಸ್ ಬರುವಾಗ ಸಾಗರದ ಹತ್ತಿರ ಸೋದರತ್ತೆಯ ಊರಲ್ಲಿ ಇಳಿದುಕೊಂಡೆವು. ಪಕ್ಕದಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಅಂಗಳದ ತುಂಬ ಮಂಗಳೂರು ಹೆಂಚಿನ ರಾಶಿ. ಒಂದನ್ನು ಮಗುಚಿ ನೋಡಿದೆ. ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಉಬ್ಬಿಕೊಂಡಿತ್ತು, ಅರ್ಧ ಹಾವಸೆಯೊಳಗೆ. ಇನ್ನೊಂದರಲ್ಲಿ ಬೇರೆ ಹೆಸರು. ಮೂರನೆಯದರ ಅಂಚಿನಲ್ಲಿ ಮೂರು ಬೆರಳಿನ ಗುಳಿ. ಹಸಿ ಮಣ್ಣಿನ ಹೆಂಚನ್ನು ಯಾರೋ ಎತ್ತಿ ಒಣಗಲು ಇಟ್ಟಿದ್ದಾರೆ, ಬೆರಳು ಹಾಗೇ ಕೂತಿದೆ, ಆಮೇಲೆ ಗೂಡಿನಲ್ಲಿ ಬೆಂದಿದೆ. ನನ್ನ ಬೆರಳು ಇಟ್ಟು ನೋಡಿದೆ. ನನ್ನದಕ್ಕಿಂತ ಸಣ್ಣ ಬೆರಳು.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆಮೇಲೆ ಕರಾವಳಿಯುದ್ದಕ್ಕೂ ಕಾರ್ಖಾನೆ ಎದ್ದವು. ಪ್ರತಿಯೊಂದರದ್ದೂ ಒಂದು ಹೆಸರು, ಒಂದು ಮುದ್ರೆ. ಇಷ್ಟು ವರ್ಷ ಅದರಡಿ ಮಲಗಿದವರು ಯಾರೂ ಆ ಅಕ್ಷರ ಓದಿರಲಿಕ್ಕಿಲ್ಲ. ಆ ಮಧ್ಯಾಹ್ನ ಹೆಂಚಿನ ಮೇಲೆ ಕಾಗದ ಇಟ್ಟು ಉಜ್ಜಿ ತೆಗೆದ ಹನ್ನೊಂದು ಪಡಿಯಚ್ಚಿನಿಂದ ಆರು ಕೆಲಸ ಆದವು.

ಅವತ್ತಿನಿಂದ ನಾನು ಹುಡುಕುವುದು ಚಂದದ ವಸ್ತುವನ್ನಲ್ಲ, ಗುರುತನ್ನು. ಯಾರೋ ಬಳಸಿದ, ಸವೆಸಿದ, ಬರೆದ, ಹೊಲಿದ ಗುರುತು. ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸಿ ಹರಿದ ಪದರ, ಹೋಟೆಲಿನ ಮಾರ್ಬಲ್ ಟೇಬಲ್ಲಿನ ಕಲೆ, ದೇವರಾಜ ಮಾರ್ಕೆಟ್ಟಿನ ಕುಂಕುಮದ ರಾಶಿಯಲ್ಲಿ ಚಮಚ ಇಳಿದ ಗುಳಿ. ಇವೆಲ್ಲ ದುಡ್ಡಿಲ್ಲದೆ ಸಿಗುತ್ತವೆ.

ಪಡಿಯಚ್ಚು ತೆಗೆಯುವುದು ಹೇಗೆ?

ತೆಳು ಕಾಗದವನ್ನು ಉಬ್ಬು ಇರುವ ಜಾಗದ ಮೇಲೆ ಇಟ್ಟು, ಮೇಣದ ಬಳಪವನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿ. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ. ಮೊದಲು ಒಣ ಬ್ರಷ್ಷಿನಿಂದ ಮಣ್ಣು ಉದುರಿಸಿ. ಕಾಗದ ಅಲುಗದಂತೆ ನಾಲ್ಕು ಮೂಲೆಗೆ ಟೇಪು ಹಾಕಿ. ಒತ್ತಿ ಉಜ್ಜಿದರೆ ಗುಂಡಿಯ ಜಾಗವೂ ಕಪ್ಪಾಗಿ ಅಕ್ಷರ ಮುಳುಗಿಹೋಗುತ್ತದೆ. ನಾಲ್ಕು ಸಲ ಹಗುರ ಉಜ್ಜುವುದು ಮೇಲು. ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ನೆಲದ ಹಲಗೆಯ ಗೀರುಗಳ ಮೇಲೆ ಕಾಗದ ಇಟ್ಟು ಹೀಗೇ ಉಜ್ಜಿ ಒಂದು ದೊಡ್ಡ ಸರಣಿಯನ್ನೇ ಮಾಡಿದ.

ಶಾಸನ, ದೇವಸ್ಥಾನದ ಕಂಬ, ಸ್ಮಾರಕ ಇವುಗಳ ಮೇಲೆ ಮಾತ್ರ ಕೈ ಹಾಕಬೇಡಿ. ಶಾಸನ ತಜ್ಞರು ಅನುಮತಿ ಪಡೆದು, ಒದ್ದೆ ಕಾಗದ ತಟ್ಟಿ, ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಬೇರೆ. ನಮ್ಮ ಬಳಪದ ಮೇಣ ಕಲ್ಲಿಗೆ ಹತ್ತಿದರೆ ಹೋಗುವುದಿಲ್ಲ. ಹೆಂಚು, ಗಟಾರದ ಕಬ್ಬಿಣದ ಮುಚ್ಚಳ, ಹಳೇ ತೂಕದ ಕಲ್ಲು, ಮರದ ಬಾಗಿಲು, ಇವೇ ಸಾಕಷ್ಟಿವೆ.

ಪ್ರವಾಸಕ್ಕೆ ಏನೇನು ಒಯ್ಯುತ್ತೀರಿ?

ಬಟರ್ ಪೇಪರ್, ಕಪ್ಪು ಮತ್ತು ಕೆಂಪು ಬಳಪ, ಸಣ್ಣ ಜಲವರ್ಣದ ಡಬ್ಬಿ, ಪೇಂಟರ್ ಟೇಪು, ಒಂದು ಗಟ್ಟಿ ರಟ್ಟಿನ ಫೈಲು. ಜೊತೆಗೆ ಖಾಲಿ ಬಿಸ್ಕತ್ತು ಡಬ್ಬಿ ಒಂದೇ ಒಂದು. ಅದು ತುಂಬಿದರೆ ಮುಗಿಯಿತು. ಹೊಸದು ಹಾಕಬೇಕಾದರೆ ಹಳೆಯದೊಂದು ತೆಗೆಯಬೇಕು.

ಪೆನ್ಸಿಲ್ ಮರೆಯಬೇಡಿ. ಏನೇ ಸಿಕ್ಕಿದರೂ ಅಲ್ಲೇ ಒಂದು ಚೀಟಿ ಬರೆದು ಜೊತೆಗಿಡಿ: ಯಾವ ಊರು, ಯಾವ ದಿನ, ಯಾರ ಹತ್ತಿರ, ಅವರು ಏನಂದರು. ಆರು ತಿಂಗಳು ಬಿಟ್ಟು ತೆಗೆದಾಗ ಆ ಚೀಟಿ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಸುಮ್ನೆ ತುಕ್ಕು ಹಿಡಿದ ಚಿಲಕ.

ಹಳೇ ಸಾಮಾನು ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಮನೆಯ ಅಟ್ಟ. ಆಮೇಲೆ ನೆಂಟರ ಮನೆಯ ಅಟ್ಟ. ನಗಬೇಡಿ, ನನ್ನ ಅರ್ಧ ಸಂಗ್ರಹ ಅಲ್ಲಿಂದ ಬಂದದ್ದು. ದಿನಸಿ ಅಂಗಡಿಯ ಕಿರ್ದಿ ಪುಸ್ತಕ, ಹಳೇ ಲಗ್ನಪತ್ರಿಕೆ, ಇನ್‌ಲ್ಯಾಂಡ್ ಪತ್ರ, ಟೈಲರ್ ಕೊಟ್ಟ ಅಳತೆ ಚೀಟಿ, ಮಕ್ಕಳು ಕೂಡಿಟ್ಟ ಬೆಂಕಿಪೊಟ್ಟಣದ ಚಿತ್ರ.

ಎರಡನೆಯದು ಗುಜರಿ ಅಂಗಡಿ. ಹಳೇ ಪೇಪರ್ ಕೊಳ್ಳುವವರಿಗೆ ಹೇಳಿಟ್ಟರೆ ಕೈಬರಹದ ಪುಸ್ತಕ ಬಂದಾಗ ತೆಗೆದಿಡುತ್ತಾರೆ. ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಬೀದಿ ತುದಿಯ ಗುಜರಿಯವರು ಮೊದಮೊದಲು "ಇದನ್ನ ತಗೊಂಡು ಏನ್ ಮಾಡ್ತೀರಕ್ಕಾ?" ಅನ್ನುತ್ತಿದ್ದರು. ಈಗ ಅವರೇ "ಅಕ್ಕಾ, ಇದ್ರಲ್ಲಿ ಸ್ಟಾಂಪ್ ಇದೆ ನೋಡಿ" ಅನ್ನುತ್ತಾರೆ. ಬೆಲೆಯೂ ಹಾಗೇ ಏರಿದೆ.

ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಭಾನುವಾರ ಕೂಡುವ ಸಂತೆ. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಜನ ಜಾಸ್ತಿ, ಸಾಮಾನು ಕಡಿಮೆ. ಹೊರಗೆ ಹೋಗುವವರಿಗೆ ತಮಿಳುನಾಡಿನ ಕಾರೈಕುಡಿಯಲ್ಲಿ ಮುನೀಶ್ವರನ್ ಕೋಯಿಲ್ ಬೀದಿ ಇದೆ. ಚೆಟ್ಟಿಯಾರರ ದೊಡ್ಡ ಮನೆಗಳಿಂದ ಬಂದ ಎನಾಮಲ್ ತಟ್ಟೆ, ಕಂಬ, ಬೀಗ ಎಲ್ಲ ಅಲ್ಲಿ ಕಾಣುತ್ತೀರಿ. ಮಟ್ಟಾಂಚೇರಿಯ ಜ್ಯೂ ಟೌನ್, ಮುಂಬೈಯ ಚೋರ್ ಬಜಾರ್ ನೋಡಲು ಚಂದ. ಕೊಳ್ಳಲು ಅಷ್ಟಕ್ಕಷ್ಟೆ. ಪ್ರವಾಸಿಗಳ ಬೆಲೆ ಅಲ್ಲಿಯದು.

ಚೌಕಾಸಿ ಮಾಡುವುದು ಹೇಗೆ?

ನನಗೆ ಬರುವುದಿಲ್ಲ. ಅತ್ತಿಗೆಯನ್ನು ಕರೆದುಕೊಂಡು ಹೋಗುತ್ತೇನೆ.

ಇದು ನಿಜವಾಗಿ ಹಳೆಯದು ಅಂತ ತಿಳಿಯುವುದು ಹೇಗೆ?

ಕಾಗದವಾದರೆ ಅದರ ಮೇಲೇ ಸುಳಿವು ಇರುತ್ತದೆ. ಕೆಲವನ್ನು ಹೇಳುತ್ತೇನೆ.

ಲೆಕ್ಕದಲ್ಲಿ ರೂಪಾಯಿ, ಆಣೆ, ಪೈ ಇದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಆ ವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. 'ನಯಾ ಪೈಸೆ' ಅಂತ ಇದ್ದರೆ 1957ರಿಂದ 1964ರೊಳಗೆ ಇರಬಹುದು. ಆದರೆ ಹಳೇ ಅಭ್ಯಾಸ ಬೇಗ ಹೋಗುವುದಿಲ್ಲ. ನನ್ನ ಹತ್ತಿರ ಇರುವ ಒಂದು ಕಿರ್ದಿಯಲ್ಲಿ ಹೊಸ ಪೈಸೆಯ ಕಾಲದಲ್ಲೂ ಅಂಚಿನಲ್ಲಿ ಆಣೆಯ ಲೆಕ್ಕ ಹಾಕಿಕೊಂಡಿದ್ದಾರೆ. ಪಾಪ, ಆ ಗುಮಾಸ್ತರಿಗೆ ನಂಬಿಕೆ ಬಂದಿರಲಿಲ್ಲ ಅಂತ ಕಾಣುತ್ತದೆ. ಆ ಪುಟವನ್ನು ನಾನು ಕತ್ತರಿಸಿಲ್ಲ, ಕತ್ತರಿಸುವುದೂ ಇಲ್ಲ.

ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಪಿನ್ ಇಲ್ಲ ಅಂದ ಮಾತ್ರಕ್ಕೆ ಹಳೆಯದು ಅನ್ನುವಂತಿಲ್ಲ, ಬರೆಯಲು ಮರೆಯುವವರು ಇವತ್ತಿಗೂ ಇದ್ದಾರಲ್ಲ. 'ಮೈಸೂರು ರಾಜ್ಯ' ಅಂತ ಅಚ್ಚಾಗಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು. ಡಬ್ಬಿಯ ತಳದಲ್ಲಿ ಪಶ್ಚಿಮ ಜರ್ಮನಿ ಅಂತ ಇದ್ದರೆ 1949ರಿಂದ 1990ರ ನಡುವಿನದು.

ಮೋಸವೂ ಇದೆ. ಟೀ ನೀರಿನಲ್ಲಿ ಅದ್ದಿ ಹಳೆಯದು ಮಾಡಿದ ಕಾಗದ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ. ಕಾಲ ಕಂದಿಸಿದ ಕಾಗದ ಅಂಚಿನಿಂದ ಒಳಕ್ಕೆ ಕಂದುತ್ತದೆ, ಮಡಿಕೆಯಲ್ಲಿ ಹೆಚ್ಚು ಸವೆದಿರುತ್ತದೆ. 'ಹಳೇ ರವಿವರ್ಮ ಪ್ರಿಂಟು' ಅಂತ ತೋರಿಸಿದರೆ ಭೂತಗನ್ನಡಿ ಹಿಡಿಯಿರಿ. ಸಾಲುಸಾಲಾಗಿ ಜೋಡಿಸಿದಂತೆ ಅಚ್ಚುಕಟ್ಟು ಬಣ್ಣದ ಚುಕ್ಕಿ ಕಂಡರೆ ಈಚಿನ ಆಫ್‌ಸೆಟ್ ಮುದ್ರಣ. ಹಳೇ ರವಿವರ್ಮ ಪಟಗಳು ಕಲ್ಲಿನ ಮೇಲೆ ಚಿತ್ರ ಬಿಡಿಸಿ ಅಚ್ಚು ಹಾಕಿದವು; ಆ ಕಲ್ಲಚ್ಚಿನ ಚುಕ್ಕಿ ಹೆಚ್ಚುಕಡಿಮೆ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ನಾನೂ ಒಮ್ಮೆ ಹಿತ್ತಾಳೆ ಬೀಗವೊಂದನ್ನು 'ಅರಮನೆ ಕಾಲದ್ದು' ಅಂತ ನಂಬಿ 1,200 ರೂಪಾಯಿ ಕೊಟ್ಟು ತಂದೆ. ಮುಂದಿನ ತಿಂಗಳು ಅದೇ ಅಂಗಡಿಯಲ್ಲಿ ಅಂಥವೇ ಎಂಟು ತೂಗುತ್ತಿದ್ದವು.

ತರಬಾರದ್ದು ಏನಾದರೂ ಇದೆಯಾ?

ಇದೆ. ಇದರಲ್ಲಿ ತಮಾಷೆ ಇಲ್ಲ.

1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ, ಚಿತ್ರ, ನಾಣ್ಯ ಮುಂತಾದವು ಪುರಾವಸ್ತು. ಐತಿಹಾಸಿಕ, ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕ, ದುಬೈಯಿಂದ ಊರಿಗೆ ಬರುವವರು ಅಜ್ಜನ ತಾಳೆಗರಿಯನ್ನು ಸೂಟ್‌ಕೇಸಿಗೆ ಹಾಕಿಕೊಳ್ಳುವ ಮುಂಚೆ ಇದನ್ನು ನೆನಪಿಡಿ. ಹಂಪಿಯಂಥ ಜಾಗದಿಂದ ಒಂದು ಕಲ್ಲಿನ ಚೂರನ್ನೂ ಜೇಬಿಗೆ ಹಾಕಬಾರದು.

ಆನೆದಂತ, ಜಿಂಕೆ ಕೊಂಬು ಮುಟ್ಟಲೇಬೇಡಿ. ಕೊಂಬು ಕಾಡಿನಲ್ಲಿ ತಾನಾಗಿ ಉದುರಿದ್ದಾದರೂ ವನ್ಯಜೀವಿ ಕಾಯ್ದೆಗೆ ಬರುತ್ತದೆ. ಕೆಲವು ಬಗೆಯ ಸಮುದ್ರದ ಚಿಪ್ಪು, ಹವಳಕ್ಕೂ ಅದೇ ಕಾಯ್ದೆಯ ರಕ್ಷಣೆಯಿದೆ. ಹೀಗಾಗಿ ಬೀಚಿನಿಂದ ನಾನು ಚಿಪ್ಪು ತರುವುದನ್ನೇ ಬಿಟ್ಟೆ, ಮರಳಿನ ಬಣ್ಣ ಬರೆದುಕೊಂಡು ಬರುತ್ತೇನೆ.

ಇನ್ನೊಂದು, ಕಾಯ್ದೆಯಲ್ಲಿ ಇಲ್ಲದ್ದು. ಗುಜರಿಯಲ್ಲಿ ಬೇರೆಯವರ ಮನೆಯ ಪತ್ರ ಸಿಗುತ್ತದೆ. ಹೆಸರು, ವಿಳಾಸ, ಜಗಳ, ಕಾಯಿಲೆ ಎಲ್ಲ ಅದರಲ್ಲಿರುತ್ತದೆ. ನಾನು ಕೈಬರಹದ ಗೆರೆಯನ್ನಷ್ಟೇ ಬಳಸುತ್ತೇನೆ. ಹೆಸರಿನ ಮೇಲೆ ಬಣ್ಣ ಬೀಳುತ್ತದೆ.

ಮನೆಯ ಹಳೇ ಫೋಟೋ ಕತ್ತರಿಸಬಹುದಾ?

ಬೇಡ. ಶುರುವಿನಲ್ಲಿ ನಾನು ಸೋದರತ್ತೆಯ ಮದುವೆಯ ಗ್ರೂಪ್ ಫೋಟೋ ಕತ್ತರಿಸಿ, ಅವರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಬಿಸಾಕಿದೆ. ಮೂರು ವರ್ಷ ಆದ ಮೇಲೆ ಅತ್ತೆ, "ಆ ಫೋಟೋದಲ್ಲಿ ಎಡಗಡೆ ತುದಿಗೆ ನಿಂತಿದ್ದು ನಮ್ಮಮ್ಮ ಕಣೇ, ಅವಳದ್ದು ಇರೋದು ಅದೊಂದೇ" ಅಂದರು. ಮುಂದೆ ಏನು ಹೇಳಲಿ?

ಅಸಲನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಪ್ರಿಂಟು ತೆಗೆದು ಅದನ್ನು ಬೇಕಾದ ಹಾಗೆ ಕತ್ತರಿಸಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಎಷ್ಟೋ ಸಲ ಸ್ಟುಡಿಯೋ ಮುದ್ರೆ, ತಾರೀಖು, ಯಾರದೋ ಅಕ್ಷರ ಇರುತ್ತದೆ. ಮುಂಬದಿಗಿಂತ ಅದೇ ಚೆನ್ನಾಗಿರುತ್ತದೆ.

ಪ್ರಿಂಟು ತೆಗೆದು ಅಂಟಿಸಿದರೆ ಬಣ್ಣ ಹರಡುತ್ತದೆ. ಏನು ಮಾಡಲಿ?

ಅದು ಇಂಕ್‌ಜೆಟ್ ಪ್ರಿಂಟು. ಅದರ ಶಾಯಿ ಸಾಮಾನ್ಯವಾಗಿ ಒದ್ದೆ ಅಂಟಿಗೆ ಕರಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟು ಕೇಳಿ, ಅದರ ಪುಡಿ ನೀರಿಗೆ ಜಗ್ಗುವುದಿಲ್ಲ.

ಲೇಸರ್ ಪ್ರಿಂಟಿನಿಂದ ಚಿತ್ರವನ್ನು ಬೇರೆಡೆಗೆ ಇಳಿಸಲೂಬಹುದು. ಕ್ಯಾನ್ವಾಸಿಗೆ ಅಕ್ರಿಲಿಕ್ ಜೆಲ್ ಹಚ್ಚಿ, ಪ್ರಿಂಟನ್ನು ಬೋರಲು ಹಾಕಿ ಒತ್ತಿ. ಒಂದು ರಾತ್ರಿ ಒಣಗಲಿ. ಮರುದಿನ ಒದ್ದೆ ಬೆರಳಿನಿಂದ ಕಾಗದವನ್ನು ಉಜ್ಜಿ ತೆಗೆಯುತ್ತ ಹೋದರೆ ಚಿತ್ರ ಮಾತ್ರ ಉಳಿಯುತ್ತದೆ. ಅವಸರ ಮಾಡಿದರೆ ಅದೂ ಎದ್ದುಬರುತ್ತದೆ. ಹೀಗೆ ಇಳಿಸಿದ ಚಿತ್ರ ತಿರುಗುಮುರುಗಾಗುತ್ತದೆ. ಅಕ್ಷರ ಇದ್ದರೆ ಪ್ರಿಂಟು ತೆಗೆಯುವಾಗಲೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಕೊಳ್ಳಿ. ನಾನು ಮೊದಲ ಸಲ ಮರೆತು, ಅಜ್ಜಿಯ ಕೈಬರಹದ 'ಕ್ಷೇಮ' ಗೋಡೆಯ ಮೇಲೆ ಯಾವುದೋ ಗೊತ್ತಿಲ್ಲದ ಲಿಪಿಯ ಹಾಗೆ ಕೂತಿದೆ. ತೆಗೆದಿಲ್ಲ. ನೋಡುತ್ತ ನೋಡುತ್ತ ಅದೇ ಇಷ್ಟವಾಗಿದೆ.

ತಂದ ಪುಸ್ತಕದಲ್ಲಿ ಹುಳ ಇದ್ದರೆ?

ಮನೆಯೊಳಗೆ ತರುವ ಮುಂಚೆಯೇ ಬಿಸಿಲಿಗಿಡದೆ ನೆರಳಿನಲ್ಲಿ ಕೊಡವಿ. ಬಿಸಿಲು ಹಳೇ ಕಾಗದವನ್ನು ಇನ್ನಷ್ಟು ಒಣಗಿಸಿ ಪುಡಿ ಮಾಡುತ್ತದೆ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಎರಡು ವಾರ ಫ್ರೀಜರಿನಲ್ಲಿಡಿ. ತೆಗೆದ ಮೇಲೆ ಕವರು ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ. ಐಸ್‌ಕ್ರೀಂ ಪಕ್ಕದಲ್ಲಿ ಯಾರದೋ ಲೆಕ್ಕದ ಪುಸ್ತಕ ನೋಡಿ ಮನೆಯವರು ಏನಂದರು ಅನ್ನುವುದು ಬೇಡ ಬಿಡಿ. ಹಿಂದೆ ತಾಳೆಗರಿ ಕಟ್ಟಿನ ಜೊತೆ ಬಜೆ ಬೇರು ಇಡುತ್ತಿದ್ದರು. ನಾನೂ ಟ್ರಂಕಿನಲ್ಲಿ ಇಟ್ಟಿದ್ದೇನೆ, ಬೇವಿನ ಎಲೆಯೂ ಇದೆ.

ಯಾವ ಅಂಟು ಒಳ್ಳೆಯದು?

ಕಾಗದಕ್ಕೆ ಕಾಗದ ಅಂಟಿಸಲು ಮೈದಾ ಅಂಟು ಸಾಕು. ಒಂದು ಪಾಲು ಮೈದಾ, ಐದಾರು ಪಾಲು ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಂಟಿಲ್ಲದಂತೆ ಶೋಧಿಸಿ. ಅದರ ದೊಡ್ಡ ಗುಣವೆಂದರೆ ತಪ್ಪಾದರೆ ನೀರು ಹಚ್ಚಿ ಬಿಡಿಸಬಹುದು. ದೊಡ್ಡ ಅವಗುಣ, ಹುಳಕ್ಕೂ ಅದು ಪ್ರಿಯ. ಪುಸ್ತಕ ಕಟ್ಟುವವರು ಇದಕ್ಕೇ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳಿಂದ ದೂರ ಇಡಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ನೆನೆಸಿ, ಅರೆದು, ಕುದಿಸಬೇಕು. ನಾನು ಒಮ್ಮೆ ಮಾಡಿದೆ. ಗಟ್ಟಿ ಹಿಡಿಯುತ್ತದೆ, ಆದರೆ ಬೀಜ ಸುಲಿಯುವುದರಲ್ಲೇ ಒಂದು ಭಾನುವಾರ ಹೋಯಿತು.

ಬಟ್ಟೆ, ಮರಕ್ಕೆ ಫೆವಿಕಾಲ್‌ನಂಥ ಬಿಳಿ ಅಂಟು. ಒಣಗಿದ ಮೇಲೆ ಬಿಡಿಸಲಾಗದು ಅನ್ನುವುದು ನೆನಪಿರಲಿ. ಲೋಹಕ್ಕೆ ಯಾವ ಅಂಟನ್ನೂ ನಂಬಬೇಡಿ. ಬೀಗದ ಕೈ, ಗೆಜ್ಜೆ, ತಕ್ಕಡಿಯ ತಟ್ಟೆ ಇವನ್ನು ಹಲಗೆಗೆ ತೂತು ಕೊರೆದು ತಂತಿಯಲ್ಲಿ ಕಟ್ಟಿ. ಕಟ್ಟಿದ್ದು ಕಾಣುತ್ತದೆ, ಕಾಣಲಿ. ಕೈ ಕೆಲಸ ಅಲ್ವಾ?

ರಟ್ಟು ಬಿಲ್ಲಿನ ಹಾಗೆ ಬಾಗುತ್ತದೆ ಅಂತ ತುಂಬ ಜನ ದೂರುತ್ತಾರೆ. ಒಂದೇ ಬದಿಗೆ ಒದ್ದೆ ಕಾಗದ ಅಂಟಿಸಿದರೆ ಒಣಗುವಾಗ ಅದು ರಟ್ಟನ್ನು ಎಳೆಯುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿ, ಭಾರ ಹೇರಿ ಒಣಗಿಸಿ. ನಮ್ಮಲ್ಲಿ ಭಾರಕ್ಕೆ ಒರಳುಕಲ್ಲಿನ ಗುಂಡು.

ಮಳೆಗಾಲದಲ್ಲಿ ಬೂಷ್ಟು ಬರುತ್ತದೆ.

ಮಲೆನಾಡು, ಕರಾವಳಿಯವರ ಕಷ್ಟ ಇದು. ಸಾಗರದ ನೆಂಟರಿಗೆ ಕೊಟ್ಟಿದ್ದ ಒಂದು ಕೆಲಸ ಆಷಾಢ ಮುಗಿಯುವಷ್ಟರಲ್ಲಿ ಹಸಿರು ಗಡ್ಡ ಬಿಟ್ಟಿತ್ತು. ತಪ್ಪು ನನ್ನದೇ. ಅಂಟು ಪೂರ್ತಿ ಒಣಗುವ ಮುಂಚೆ ಗಾಜಿನೊಳಗೆ ಹಾಕಿಬಿಟ್ಟಿದ್ದೆ. ಈಗ ಮಳೆಗಾಲದಲ್ಲಿ ಹೊಸದನ್ನು ಫ್ರೇಮಿಗೆ ಕೊಡುವುದೇ ಇಲ್ಲ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ. ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ.

ಕರ್ಟ್ ಶ್ವಿಟರ್ಸ್ ಅಂತ ಜರ್ಮನಿಯ ಕಲಾವಿದ, 1887ರಲ್ಲಿ ಹುಟ್ಟಿದವ. ಬಸ್ ಟಿಕೆಟ್ಟು, ಮಿಠಾಯಿ ಕಾಗದ, ರಸ್ತೆಯ ಕಸ ಇದರಲ್ಲೇ ಕೆಲಸ ಮಾಡಿದ. ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಾಗ 1940ರಲ್ಲಿ ಅವನನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಸಾಮಗ್ರಿ ಇರಲಿಲ್ಲ. ತಿನ್ನಲು ಕೊಟ್ಟ ಓಟ್ಸ್ ಗಂಜಿಯಲ್ಲೇ ಶಿಲ್ಪ ಮಾಡಿದ. ಬೂಷ್ಟು ಹಿಡಿದು ನಾರಿದವಂತೆ. ಸಾಗರದಿಂದ ಫೋನು ಬಂದ ದಿನ ನನಗೆ ಇದೊಂದೇ ಸಮಾಧಾನ.

ಹಳೇ ಸೀರೆ, ಬಟ್ಟೆ ಬಳಸುವುದು ಹೇಗೆ?

ಮೊದಲು ಅದು ಉಡಲು ಬರುತ್ತದಾ ನೋಡಿ. ಬಂದರೆ ಉಟ್ಟುಕೊಳ್ಳಿ. ಚೆನ್ನಾಗಿರುವ ಇಳಕಲ್ ಸೀರೆಯನ್ನು ಕತ್ತರಿಸಿ ಕ್ಯಾನ್ವಾಸಿಗೆ ಅಂಟಿಸುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಹರಿದದ್ದಾದರೆ ಅದರ ಜೋಡಣೆಯನ್ನು ನೋಡಿ ಕಲಿಯಿರಿ. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡನ್ನೂ ಹೊಲಿಯುವುದಿಲ್ಲ, ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಎರಡು ಬೇರೆ ಸಾಮಗ್ರಿ ಒಂದನ್ನೊಂದು ಹಿಡಿಯುವುದು ಹೇಗೆ ಅನ್ನುವ ಪಾಠ ಅಲ್ಲಿದೆ.

ಇನ್ನೊಂದು ಪಾಠ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅಂಚಿನಿಂದ ಶುರುಮಾಡಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತು ಬಂದು ನಡುವಿಗೆ ಮುಗಿಸುತ್ತಾರೆ. ಮೊದಲೇ ನಕ್ಷೆ ಇಲ್ಲ. ಕೈಯಲ್ಲಿದ್ದ ಬಟ್ಟೆ ಎಷ್ಟೋ ಅಷ್ಟು. ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಅದಿಲ್ಲದಿದ್ದರೆ ಕವಂದಿ ಮುಗಿದ ಲೆಕ್ಕವಲ್ಲ. ಅದನ್ನು ನೋಡಿ ಬಂದ ಮೇಲೆ ನಾನೂ ನಡುವಿನಿಂದ ಶುರು ಮಾಡುವುದನ್ನು ಬಿಟ್ಟೆ. ಅವರ ವಿನ್ಯಾಸ ನಕಲು ಮಾಡಲಿಲ್ಲ, ಅದು ಅವರದು. ಒಂದು ಕವಂದಿ ಕೊಂಡು ತಂದೆ, ಚಳಿಗಾಲದಲ್ಲಿ ಹೊದೆಯುತ್ತೇನೆ.

ಸಾಮಾನು ರಾಶಿ ಬಿದ್ದಿದೆ, ಆದರೆ ಏನೂ ಹೊಳೆಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ರಾಶಿ ಬಿದ್ದಿರುವುದರಿಂದಲೇ ಹೊಳೆಯುತ್ತಿಲ್ಲ.

ಒಂದೇ ಊರಿನದ್ದನ್ನು ತೆಗೆದುಕೊಳ್ಳಿ. ಉಳಿದದ್ದನ್ನು ಮುಚ್ಚಿಡಿ. ಅದರಲ್ಲೂ ಮೂರು: ಒಂದು ಕಾಗದ, ಒಂದು ಬಟ್ಟೆ ಅಥವಾ ಲೋಹ, ಒಂದು ಬಣ್ಣ. ಚೀಟಿ ಓದಿ. ಮೇಜಿನ ಮೇಲೆ ಹರಡಿ, ಅಂಟು ಮುಟ್ಟದೆ ವಾರಗಟ್ಟಲೆ ಬಿಡಿ. ಹೋಗುತ್ತ ಬರುತ್ತ ಜರುಗಿಸಿ. ಫೋನಿನಲ್ಲಿ ಫೋಟೋ ತೆಗೆದುಕೊಂಡರೆ ನಿನ್ನೆಯ ಜೋಡಣೆ ಮರೆಯುವುದಿಲ್ಲ.

ಆ ಹೆಂಚಿನ ಕೆಲಸ ಹೀಗೇ ಆಯಿತು. ಪಡಿಯಚ್ಚು ನಾಲ್ಕು ತಿಂಗಳು ಸುಮ್ನೆ ಬಿದ್ದಿದ್ದವು. ಹೆಂಚಿನ ಚಿತ್ರ ಬರೆದು ನೋಡಿದೆ, ಮನೆಯ ಚಿತ್ರ ಬರೆದು ನೋಡಿದೆ, ಎರಡೂ ಕ್ಯಾಲೆಂಡರಿನ ಹಾಗಿತ್ತು. ಒಂದು ದಿನ ಚೀಟಿ ತೆಗೆದು ಓದಿದೆ. ಮನೆ ಕೆಡವುತ್ತಿದ್ದ ಅಣ್ಣ ಹೇಳಿದ ಮಾತು ಬರೆದುಕೊಂಡಿದ್ದೆ: "ಹೆಂಚಿಗೆ ಏನೂ ಆಗಿಲ್ಲ ಅಕ್ಕಾ, ಕೆಳಗಿನ ಮರ ಹೋಗಿದೆ." ಅಷ್ಟೇ. ಬಟರ್ ಪೇಪರಿನ ಪಡಿಯಚ್ಚನ್ನು ಸೂರಿನ ಹಾಗೆ ಒಂದರ ಮೇಲೊಂದು ಇಳಿಬಿಟ್ಟೆ. ಅದರಡಿಯಲ್ಲಿ ಗೆದ್ದಲು ತಿಂದ ಹಲಗೆಯ ಚೂರು. ಕೆಂಪು ಮಣ್ಣಿನ ಬಣ್ಣ ಮೂರು ಕಡೆ ಬೆರಳಲ್ಲೇ ಒತ್ತಿದೆ. ಮುಕ್ಕಾಲು ಭಾಗ ಖಾಲಿ ಬಿಟ್ಟೆ. ಖಾಲಿ ಬಿಡಲು ಧೈರ್ಯ ಬರುವುದಕ್ಕೇ ನನಗೆ ವರ್ಷಗಳು ಹಿಡಿದವು.

ಊರು ಸುತ್ತಲು ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದಾರೆ.

ಜೋಸೆಫ್ ಕಾರ್ನೆಲ್ ಎಂಬ ಕಲಾವಿದನ ಪೆಟ್ಟಿಗೆಗಳ ಫೋಟೋ ಹುಡುಕಿ ನೋಡಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತಾಯಿ ಮತ್ತು ಕಾಯಿಲೆಯ ತಮ್ಮನನ್ನು ನೋಡಿಕೊಳ್ಳುತ್ತ ಬದುಕಿದವನು. ಅಮೆರಿಕ ಬಿಟ್ಟು ಹೊರಗೆ ಹೋಗಲೇ ಇಲ್ಲ. ಆದರೆ ಹಳೇ ಪುಸ್ತಕದ ಅಂಗಡಿಗಳಲ್ಲಿ ಯೂರೋಪಿನ ಹೋಟೆಲ್ ಜಾಹೀರಾತು, ನಕ್ಷೆ, ಅಂಚೆಚೀಟಿ ಹೆಕ್ಕಿ ತಂದು, ಸಣ್ಣ ಮರದ ಪೆಟ್ಟಿಗೆಯೊಳಗೆ ತಾನು ಕಾಣದ ಊರಿನ ಹೋಟೆಲುಗಳನ್ನು ಕಟ್ಟಿದ.

ನಿಮ್ಮ ಬೀದಿಯಲ್ಲೇ ಒಂದು ಗಂಟೆ ನಡೆಯಿರಿ. ಕಿರಾಣಿ ಅಂಗಡಿಯವರು ಪೊಟ್ಟಣ ಕಟ್ಟಿಕೊಟ್ಟ ಕಾಗದ ಬಿಚ್ಚಿ ಓದಿ. ಹೊರದೇಶದಲ್ಲಿರುವ ಕನ್ನಡಿಗರಿಗೂ ಇದನ್ನೇ ಹೇಳುತ್ತೇನೆ. ನೀವಿರುವ ಊರಿನ ಹಳೇ ಸಾಮಾನಿನ ಅಂಗಡಿಗೆ ಹೋಗಿ, ಅಲ್ಲಿಯದನ್ನು ಅಮ್ಮ ಕಳಿಸಿದ ಪಾರ್ಸೆಲ್ಲಿನ ಬಟ್ಟೆಯ ಪಕ್ಕ ಇಟ್ಟು ನೋಡಿ.

ನನಗೆ ಚಿತ್ರ ಬರೆಯಲು ಬರುವುದಿಲ್ಲ, ವಯಸ್ಸೂ ಆಯಿತು.

ಇಂಗ್ಲೆಂಡಿನ ಮೇರಿ ಡೆಲಾನಿ 1700ರಲ್ಲಿ ಹುಟ್ಟಿದವರು. ಬಣ್ಣದ ಕಾಗದ ಕತ್ತರಿಸಿ ಹೂ ಮಾಡಲು ಶುರು ಮಾಡಿದಾಗ ಎಪ್ಪತ್ತು ದಾಟಿತ್ತು. ಹೆಚ್ಚುಕಡಿಮೆ ಸಾವಿರ ಹೂ ಮಾಡಿದರು. ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕತ್ತರಿ ಹಿಡಿಯಲು ಬರುತ್ತದಲ್ಲ? ಬನ್ನಿ.

ಮಾರಬಹುದಾ?

ಮಾರಬಹುದು. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಒಮ್ಮೆ ಸುಮ್ನೆ ನೋಡಲು ಹೋಗಿ ಬನ್ನಿ, ಬೆಲೆಯ ಅಂದಾಜು ಸಿಗುತ್ತದೆ. ಮಾರುವುದಾದರೆ ಬೇರೆಯವರ ಚಿತ್ರ, ಫೋಟೋ ಬಳಸುವಾಗ ಹುಷಾರು. ಹಳೆಯದಾಗಿ ಕಂಡ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ. ನಮ್ಮಲ್ಲಿ ಚಿತ್ರಕಾರ ತೀರಿಕೊಂಡು 60 ವರ್ಷದವರೆಗೂ ಅದು ಉಳಿಯುತ್ತದೆ. ನಿಮ್ಮದೇ ಪಡಿಯಚ್ಚು, ನಿಮ್ಮದೇ ಫೋಟೋ ಇದ್ದರೆ ಈ ತಲೆನೋವಿಲ್ಲ.

ಮನೆಯವರು 'ಗುಜರಿ ತುಂಬ್ತೀಯ' ಅಂತ ಬೈಯುತ್ತಾರೆ.

ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ನಮ್ಮನೆಯಲ್ಲಿ ಜಗಳವಾಗಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನನ್ನ ಪಾಲಿಗೆ ಅಜ್ಜನ ಕಬ್ಬಿಣದ ಟ್ರಂಕು ಒಂದು, ಅಷ್ಟೇ. ಅದರ ಮುಚ್ಚಳ ಮುಚ್ಚಬೇಕು. ಸದ್ಯಕ್ಕೆ ನಾನು ಮೇಲೆ ಕೂತರೆ ಮುಚ್ಚುತ್ತದೆ.